ಮೂರನೇ ಪಿಟ್‌ನ ಏಳು ಸೆಕೆಂಡು

ಆ ರೇಸಿನ ನಿಯಮಗಳಲ್ಲಿ ಜನ ಅತಿ ಹೆಚ್ಚು ಜಗಳವಾಡುತ್ತಿದ್ದದ್ದು ಪಿಟ್ ನಿಯಮದ ಬಗ್ಗೆ. ಕಾರ್ಟ್ ಎಂಬ ಪುಟ್ಟ ತೆರೆದ ಕಾರುಗಳ ಮೂರು ಗಂಟೆಯ ರೇಸಿನಲ್ಲಿ ಪ್ರತಿ ತಂಡವೂ ಮೂರು ಸಲ ಟ್ರ್ಯಾಕಿನ ಪಕ್ಕದ ನಿಲುಗಡೆ ದಾರಿಯಾದ ಪಿಟ್‌ಗೆ ಬರಲೇಬೇಕು, ಪೆಟ್ರೋಲ್ ತುಂಬಿಸಬೇಕು, ಚಾಲಕನನ್ನು ಬದಲಿಸಬೇಕು. ಪಿಟ್‌ನ ಒಳಗೆರೆ ದಾಟಿದ ಕ್ಷಣದಿಂದ ಹೊರಗೆರೆ ದಾಟುವ ಕ್ಷಣದವರೆಗೆ ಕನಿಷ್ಠ ಮೂರು ನಿಮಿಷ ಕಳೆದಿರಬೇಕು. ಅವಸರದಲ್ಲಿ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚೆಲ್ಲಿ ಅನಾಹುತವಾಗಬಾರದು ಎಂದು ಮಾಡಿದ ನಿಯಮ. ಮೂರು ನಿಮಿಷಕ್ಕೆ ಒಂದು ಸೆಕೆಂಡು ಕಡಿಮೆಯಾದರೆ ಹತ್ತು ಸೆಕೆಂಡು ಶಿಕ್ಷೆ, ಎರಡು ಕಡಿಮೆಯಾದರೆ ಇಪ್ಪತ್ತು. ಆ ಸೆಕೆಂಡುಗಳನ್ನು ಎಣಿಸುವ ಕೆಲಸ ನನ್ನದಾಗಿತ್ತು.

ವಾರವೆಲ್ಲ ನಾನು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಗೇಜ್ ತಪಾಸಣೆ ಮಾಡುತ್ತಿದ್ದೆ. ಬೇರೆಯವರು ಅಳೆಯಲು ಬಳಸುವ ಸಾಧನ ಸರಿಯಾಗಿ ಅಳೆಯುತ್ತಿದೆಯೇ ಎಂದು ಅಳೆದು ನೋಡುವ ಕೆಲಸ. ರೇಸ್ ಇದ್ದ ಭಾನುವಾರಗಳಲ್ಲಿ ಯಲಹಂಕದ ಆಚೆಗಿದ್ದ ಕಾರ್ಟಿಂಗ್ ಟ್ರ್ಯಾಕಿನಲ್ಲಿ ಟೈಮ್‌ಕೀಪರ್. ಏರ್‌ಪೋರ್ಟ್ ರಸ್ತೆಯ ಮೇಲ್ಸೇತುವೆಗೆ ಕಂಬ ಎಬ್ಬಿಸುತ್ತಿದ್ದ ಕಾಲ ಅದು. ಆರ್.ಟಿ. ನಗರದಿಂದ ಸ್ಕೂಟರಿನಲ್ಲಿ ಹೊರಟು ಹೆಬ್ಬಾಳ, ಕೆಂಪಾಪುರ, ಕೊಡಿಗೇಹಳ್ಳಿ ದಾಟುವಷ್ಟರಲ್ಲಿ ನನ್ನ ದುಪಟ್ಟಾ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತಿತ್ತು. ಆದರೂ ಏಳು ಗಂಟೆಗೆ ಮುಂಚೆ ಟ್ರ್ಯಾಕಿನಲ್ಲಿ ಇರುತ್ತಿದ್ದೆ. ಕಾಲ ಅಳೆಯುವವಳೇ ತಡವಾಗಿ ಬಂದರೆ ಚೆನ್ನಾಗಿರುವುದಿಲ್ಲ.

ನಮ್ಮ ವ್ಯವಸ್ಥೆ ಹೀಗಿತ್ತು. ಪ್ರತಿ ಕಾರ್ಟಿನ ಸೀಟಿನ ಹಿಂದೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಸಿಗ್ನಲ್ ಡಬ್ಬಿ. ಟ್ರ್ಯಾಕಿನ ಟಾರಿನಲ್ಲಿ ಸಣ್ಣ ಕಾಲುವೆ ಕೊರೆದು ತಾಮ್ರದ ತಂತಿ ಹೂತಿದ್ದರು. ಕಾರ್ಟ್ ತಂತಿಯ ಮೇಲೆ ಹಾದಾಗ ಸಿಗ್ನಲ್ ಸಿಗುತ್ತದೆ, ಸಮಯ ದಾಖಲಾಗುತ್ತದೆ. ಒಟ್ಟು ಮೂರು ತಂತಿ: ಸುತ್ತು ಎಣಿಸುವ ಮುಖ್ಯ ಗೆರೆ, ಪಿಟ್‌ನ ಒಳಗೆರೆ, ಪಿಟ್‌ನ ಹೊರಗೆರೆ. ಮೊದಲ ಎರಡರ ಸಿಗ್ನಲ್ ನನ್ನ ಕೋಣೆಯ ಪೆಟ್ಟಿಗೆಗೆ ಬರುತ್ತಿತ್ತು. ಹೊರಗೆರೆ ಮಾತ್ರ ದೂರ. ಅದಕ್ಕೆ ಪಿಟ್‌ನ ಆ ತುದಿಯ ತಗಡಿನ ಗೂಡಿನಲ್ಲಿ ಇನ್ನೊಂದು ಪೆಟ್ಟಿಗೆ ಇಟ್ಟಿದ್ದರು. ಎರಡು ಪೆಟ್ಟಿಗೆ ಎಂದರೆ ಎರಡು ಗಡಿಯಾರ. ಬೆಳಗ್ಗೆ ನಾನು ಲ್ಯಾಪ್‌ಟಾಪಿನಲ್ಲಿ ರೇಸಿನ ಹೊಸ ಫೈಲ್ ತೆರೆದಾಗ ಅದು ಎರಡೂ ಪೆಟ್ಟಿಗೆಗಳಿಗೆ ತನ್ನ ಸಮಯವನ್ನು ಕಳಿಸಿ ಅವನ್ನು ಒಂದೇ ಸಮಯಕ್ಕೆ ತರುತ್ತಿತ್ತು. ಆ ಭಾನುವಾರವೂ ತೆರೆದೆ, ಹೊಂದಿಸಿದೆ, ಒಂದು ಕಾರ್ಟನ್ನು ಪಿಟ್‌ನಲ್ಲಿ ಓಡಿಸಿ ಪರೀಕ್ಷೆಯನ್ನೂ ಮಾಡಿದೆ. ಎಲ್ಲ ಸರಿ ಇತ್ತು.

ಹತ್ತು ತಂಡಗಳು. ಎಲ್ಲರಿಗೂ ಟ್ರ್ಯಾಕಿನವರದೇ ಕಾರ್ಟು, ಒಂದೇ ಬಗೆಯ ಎಂಜಿನ್ನು. ಹಾಗಾಗಿ ಅಲ್ಲಿ ಗೆಲುವು ಸೋಲು ತೀರ್ಮಾನವಾಗುತ್ತಿದ್ದದ್ದು ಪಿಟ್‌ನಲ್ಲಿ. ಯಾವಾಗ ಬರಬೇಕು, ಮೂರು ನಿಮಿಷದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು. ಹೆಚ್ಚಿನ ತಂಡಗಳು ಶಿಕ್ಷೆಯ ಭಯಕ್ಕೆ ಹತ್ತು ಹದಿನೈದು ಸೆಕೆಂಡು ಜಾಸ್ತಿಯೇ ನಿಲ್ಲುತ್ತಿದ್ದವು. ಏಳನೇ ನಂಬರಿನ ಕಾರ್ಟಿನವರು ಹಾಗಲ್ಲ.

ಏಳನೇ ನಂಬರು ಕೊಡಿಗೇಹಳ್ಳಿಯ ಒಂದು ಗ್ಯಾರೇಜಿನ ತಂಡ. ಕ್ಯಾಪ್ಟನ್ ಅಲ್ಲಿಯ ಹಳೇ ಊರಿನೊಳಗೆ ಬೈಕ್ ರಿಪೇರಿ ಮಾಡುವವನು. ಚಾಲಕರು ಅವನೂ ಅವನ ಮೂವರು ಗೆಳೆಯರೂ. ಆದರೆ ತಂಡದ ತಲೆ ಅವನ ಅಕ್ಕ. ಆಕೆ ಸರ್ಕಾರಿ ಶಾಲೆಯ ಪಿ.ಟಿ. ಟೀಚರ್. ಕತ್ತಿನಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚು, ತಲೆಗೆ ಬಿಳಿ ಟೋಪಿ. ಪಿಟ್ ಗೋಡೆಯ ಬಳಿ ನಿಂತು ಕಾರ್ಟ್ ಒಳಗೆರೆ ದಾಟುವಾಗ ಒತ್ತುತ್ತಿದ್ದರು, ಆಮೇಲೆ ಕೈ ಎತ್ತಿ ಹಿಡಿದು ಹೊರಡುವ ಚಾಲಕನ ಹೆಲ್ಮೆಟ್ಟಿನ ಎದುರು ಬೆರಳು ಮಡಚುತ್ತಾ ಹೋಗುತ್ತಿದ್ದರು. ಮೊದಲ ಪಿಟ್ ನನ್ನ ಪರದೆಯಲ್ಲಿ ಮೂರು ನಿಮಿಷ ಎರಡು ಸೆಕೆಂಡು. ಎರಡನೆಯದೂ ಮೂರು ನಿಮಿಷ ಎರಡು. ನೋಡಿ ನನಗೆ ಖುಷಿಯಾಯಿತು. ಅಳತೆ ಗೊತ್ತಿರುವವರ ಕೆಲಸ ಅಳತೆ ಮಾಡುವವರಿಗೆ ಬೇಗ ಕಾಣುತ್ತದೆ.

ಅವರ ಬೆನ್ನಿಗೇ ಇದ್ದದ್ದು ಹನ್ನೆರಡನೇ ನಂಬರು, ಒಂದು ಕಾರ್ಖಾನೆಯ ಎಂಜಿನಿಯರುಗಳ ತಂಡ. ಚೆನ್ನಾಗಿ ಓಡಿಸುವವರು, ಜಾಗರೂಕರು.

ಹತ್ತೂಮುಕ್ಕಾಲರ ಹೊತ್ತಿಗೆ ಕರೆಂಟ್ ಹೋಯಿತು. ಎಲ್ಲ ತಂಡಗಳ ಎರಡನೇ ಪಿಟ್ ಮುಗಿದಿತ್ತು. ನನ್ನ ಕೋಣೆಗೆ ಯುಪಿಎಸ್ ಇದ್ದದ್ದರಿಂದ ಲ್ಯಾಪ್‌ಟಾಪಿಗೂ ಪೆಟ್ಟಿಗೆಗೂ ಏನೂ ಆಗಲಿಲ್ಲ. ಪರದೆಯ ಮೂಲೆಯಲ್ಲಿ ಹೊರಗೆರೆಯ ಹಸಿರು ಚುಕ್ಕಿ ಹಳದಿಯಾಯಿತು. ಅರೆನಿಮಿಷದಲ್ಲಿ ಜನರೇಟರ್ ಗುಡುಗಿತು, ಚುಕ್ಕಿ ಮತ್ತೆ ಹಸಿರಾಯಿತು. ನಾನು ನೋಡಿದೆ. ಹಸಿರಾಯಿತಲ್ಲ ಎಂದು ಬಾಟಲಿಯಿಂದ ನೀರು ಕುಡಿದು ಸುತ್ತುಗಳ ಪಟ್ಟಿಗೆ ಕಣ್ಣು ಹಿಂದಿರುಗಿಸಿದೆ.

ಹನ್ನೆರಡನೇ ನಂಬರು ಮೂರನೇ ಪಿಟ್‌ಗೆ ಹನ್ನೊಂದು ದಾಟಿದ ಮೇಲೆ ಬಂತು. ಏಳನೆಯವರು ಆಗ ಬರಲಿಲ್ಲ. ಮುಂದಿದ್ದ ಟ್ರ್ಯಾಕು ಖಾಲಿ ಇದ್ದಾಗ ಓಡಿಸಿಕೊಳ್ಳೋಣ ಎಂದು ಕಾದರು, ಹನ್ನೊಂದೂವರೆಯ ಮೇಲೆ ಬಂದರು, ಮುಂಚೂಣಿಯಲ್ಲೇ ಹೊರಹೋದರು. ಬೇಲಿಯಾಚೆ ಜನ ಕೂಗಿದರು. ಆಗಲೇ ನನ್ನ ಪರದೆಯಲ್ಲಿ ಏಳನೇ ನಂಬರಿನ ಸಾಲು ಕೆಂಪಾಯಿತು. ಪಿಟ್ ಸಮಯ ಎರಡು ನಿಮಿಷ ಐವತ್ತೈದು. ಐದು ಸೆಕೆಂಡು ಕಡಿಮೆ.

ನಾನು ಎರಡು ಸಲ ನೋಡಿದೆ. ಒಳಗೆರೆಯ ಸಮಯ, ಹೊರಗೆರೆಯ ಸಮಯ, ಕಳೆದು ನೋಡಿದೆ. ಐದೇ. ಚೀಟಿ ಬರೆದು ಸಹಿ ಹಾಕಿ ರೇಸಿನ ನಿರ್ದೇಶಕರಿಗೆ ಕಳಿಸಿದೆ. ಅವರು ಅರವತ್ತು ದಾಟಿದ ಹಿರಿಯರು, ಒಂದು ಕಾಲಕ್ಕೆ ರ‍್ಯಾಲಿ ಓಡಿಸಿದವರು. ರೇಸ್ ಮುಗಿಯಲು ಹತ್ತು ನಿಮಿಷ ಇರುವಾಗ ಬೋರ್ಡಿನಲ್ಲಿ ಬರೆಸಿದರು: ಏಳನೇ ನಂಬರಿಗೆ ಐವತ್ತು ಸೆಕೆಂಡು ಶಿಕ್ಷೆ.

ಏಳನೇ ನಂಬರು ಮೂವತ್ತೊಂದು ಸೆಕೆಂಡು ಮುಂದಾಗಿ ಧ್ವಜ ದಾಟಿತು. ಶಿಕ್ಷೆ ಸೇರಿಸಿದ ಮೇಲೆ ಹತ್ತೊಂಬತ್ತು ಸೆಕೆಂಡು ಹಿಂದಾಗಿ ಎರಡನೇ ಸ್ಥಾನಕ್ಕೆ ಇಳಿಯಿತು.

ಹನ್ನೆರಡೂವರೆಗೆ ನಾನು ಫಲಿತಾಂಶದ ಹಾಳೆಗಳನ್ನು ಬೋರ್ಡಿಗೆ ಚುಚ್ಚಿದೆ. ಆಕ್ಷೇಪಣೆ ಇದ್ದವರು ಅರ್ಧ ಗಂಟೆಯೊಳಗೆ ಬರೆದುಕೊಡಬೇಕು ಎಂಬುದು ನಿಯಮ. ಟೀಚರ್ ಬಂದು ಹಾಳೆಯನ್ನು ಬೆರಳಿಟ್ಟು ಓದಿದರು.

"ಮೇಡಂ, ನನ್ನ ವಾಚಲ್ಲಿ ಮೂರು ನಿಮಿಷ ಎರಡು ಸೆಕೆಂಡ್ ಇತ್ತು."

"ಕೈಯಲ್ಲಿ ಒತ್ತೋ ವಾಚಿಗೂ ತಂತಿಗೂ ಸ್ವಲ್ಪ ವ್ಯತ್ಯಾಸ ಬರುತ್ತೆ ಟೀಚರ್," ಎಂದೆ.

"ಸ್ವಲ್ಪ ಅಂದ್ರೆ ಏಳು ಸೆಕೆಂಡಾ?"

ನನಗೆ ನನ್ನ ಯಂತ್ರದ ಮೇಲೆ ನಂಬಿಕೆ ಇತ್ತು. "ಬರೆದುಕೊಡಿ, ಪರಿಶೀಲಿಸ್ತೀವಿ," ಎಂದೆ.

ಅಷ್ಟರಲ್ಲಿ ಅವರ ತಮ್ಮ ಬಂದ. ಮುಖವೆಲ್ಲ ಧೂಳು, ಹೆಲ್ಮೆಟ್ ಇದ್ದ ಕಡೆ ಮಾತ್ರ ಶುಭ್ರ. "ಸುಮ್ಕಿರಕ್ಕ. ಮಿಸೀನು ಸುಳ್ಳು ಏಳ್ತದಾ? ಇಂಗೆಲ್ಲಾ ತಕರಾರು ಮಾಡುದ್ರೆ ಸೋತಿದ್ದಕ್ಕೆ ಅಳ್ತಾವ್ರೆ ಅಂತಾರೆ. ಬಾ ಓಗಣ."

ಟೀಚರ್ ತಮ್ಮ ಸ್ಟಾಪ್‌ವಾಚನ್ನೊಮ್ಮೆ, ತಮ್ಮ ಹೆಬ್ಬೆರಳನ್ನೊಮ್ಮೆ ನೋಡಿಕೊಂಡರು. "ನಾನೇ ತಡವಾಗಿ ಒತ್ತಿದ್ನೇನೋ," ಎಂದು ತಮಗೇ ಹೇಳಿಕೊಂಡು ಹೋದರು. ಆಕ್ಷೇಪಣೆ ಬರಲಿಲ್ಲ. ಒಂದು ಗಂಟೆಗೆ ಅರ್ಧ ಗಂಟೆ ಮುಗಿಯಿತು.

ಒಂದೂಕಾಲಿಗೆ ಊಟ ಮುಗಿಸಿ ಟೀ ತರಲು ಬೇಲಿಯ ಪಕ್ಕದ ಕ್ಯಾಂಟೀನಿಗೆ ಹೋದೆ. ಅಲ್ಲಿ ರೇಸ್ ಮುಗಿದಿರಲಿಲ್ಲ. ನಮ್ಮ ಟ್ರ್ಯಾಕಿನ ಖಾಯಂ ಅಭಿಮಾನಿಗಳು ಇಪ್ಪತ್ತು ಮೂವತ್ತು ಜನ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಗುಂಪಾಗಿ ಕುಳಿತಿದ್ದರು. ಟಿವಿಯಲ್ಲಿ ದೊಡ್ಡ ರೇಸುಗಳನ್ನು ನೋಡಿ ನೋಡಿ ಪಿಟ್ ತಂತ್ರದಲ್ಲಿ ಪಂಡಿತರಾದವರು.

"ಲೇಟಾಗಿ ಬಂದಿದ್ದು ಸೂಪರ್ ಮಗಾ. ಆದ್ರೆ ಐದು ಸೆಕೆಂಡ್ ಆಸೆಗೆ ಬಿದ್ದು ಐವತ್ತು ಕಳ್ಕೊಂಡ್ರು," ಎಂದ ಕ್ಯಾಪ್ ಹಾಕಿದ್ದ ಒಬ್ಬ.

"ಆಸೆ ಎಲ್ಲಿ ಬಂತು ಗುರು? ಅದೇ ತಾನೇ ಸ್ಟ್ರಾಟಜಿ. ಹನ್ನೆರಡನೇ ನಂಬರ್ ಥರ ಕಾಲು ಚಾಚ್ಕೊಂಡು ನಿಂತ್ರೆ ರೇಸ್ ಯಾಕೆ ಬೇಕು?"

"ಸೇಫ್ಟಿ ಇಟ್ಕೋಬೇಕು ಮಚ್ಚಾ. ಐದ್ ಸೆಕೆಂಡ್ ಜಾಸ್ತಿ ನಿಂತಿದ್ರೆ ಕಪ್ ಅವರದ್ದೇ."

"ರೂಲೇ ಸರಿಯಿಲ್ಲ ಕಣೋ. ಒಂದಕ್ಕೆ ಹತ್ತು ಯಾವ ನ್ಯಾಯ?"

ನಾನು ನಗುತ್ತಾ ಟೀಗೆ ಕೈ ಚಾಚಿದೆ. ಆಗ ಗುಂಪಿನ ಅಂಚಿನಲ್ಲಿ ಕುಳಿತಿದ್ದ ಒಬ್ಬರು ಎದ್ದು ಬಂದರು. ಐವತ್ತರ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಉದ್ದನೆಯ ನೋಟ್‌ಬುಕ್ಕು. ಪ್ರತಿ ರೇಸಿಗೂ ಬರುತ್ತಿದ್ದ ಅವರ ಮುಖ ನನಗೆ ಪರಿಚಯವಿತ್ತು. ಬಾಗಲಕೋಟೆ ಕಡೆಯವರು, ಯಲಹಂಕದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ.

"ಮೇಡಂ, ಒಂದು ಮಾತು ಕೇಳಲೇನ್ರಿ? ನಾ ಹನ್ನೆರಡನೇ ನಂಬರಿನ ಕಡಿಯಾಂವ. ನಮ್ಮ ಹುಡುಗ್ರು ಗೆದ್ದಾರ, ನನಗ ಖುಷಿನ ಐತಿ. ಆದ್ರ ನಿಮ್ಮ ಹಾಳ್ಯಾಗ ಏನೋ ಫರಕ್ ಕಾಣತೈತ್ರಿ."

"ಏನು ಸಾರ್?"

ನೋಟ್‌ಬುಕ್ ತೆರೆದರು. ನೀಲಿ ಶಾಯಿಯಲ್ಲಿ ನೀಟಾದ ಗೆರೆಗಳು, ಒಂದೊಂದು ಸುತ್ತಿಗೂ ಒಂದೊಂದು ಮನೆ. "ನಮ್ಮವರ ಮೂರನೇ ಪಿಟ್ ನಾ ಇಲ್ಲೇ ಬೇಲಿ ಹಿಡಕೊಂಡು ನೋಡೀನ್ರಿ. ನನ್ನ ಕೈಗಡಿಯಾರದಾಗ ಮೂರು ನಿಮಿಷ ಹದಿನೈದು ಸೆಕೆಂಡ್. ನಿಮ್ಮ ಹಾಳ್ಯಾಗ ಮೂರು ನಿಮಿಷ ಎಂಟು. ಮೊದಲಿನ ಎರಡು ಪಿಟ್ ನನ್ನದೂ ನಿಮ್ಮದೂ ಬರೋಬರಿ ಕೂಡತಾವ್ರಿ. ಮೂರನೇದು ಅಷ್ಟ ಯಾಕ ಕಡಿಮಿ?"

ನಾನು ಟೀ ಲೋಟವನ್ನು ಕೌಂಟರಿನ ಮೇಲೇ ಬಿಟ್ಟೆ.

ಹದಿನೈದಕ್ಕೂ ಎಂಟಕ್ಕೂ ಏಳು. ಟೀಚರ್ ಹೇಳಿದ ಎರಡು ಸೆಕೆಂಡಿಗೂ ನನ್ನ ಐವತ್ತೈದಕ್ಕೂ ಏಳು. ಕಾರ್ಖಾನೆಯಲ್ಲಿ ನಾನು ಹೊಸಬರಿಗೆ ಮೊದಲು ಕಲಿಸುವ ಪಾಠ ಇದು: ಒಬ್ಬನ ಅಳತೆ ತಪ್ಪಿದರೆ ಅವನ ಕೈ ನೋಡು, ಸಂಬಂಧವಿಲ್ಲದ ಇಬ್ಬರ ಅಳತೆ ಒಂದೇ ಪ್ರಮಾಣದಲ್ಲಿ ತಪ್ಪಿದರೆ ನಿನ್ನ ಗೇಜ್ ನೋಡು. ಇಲ್ಲಿ ಇಬ್ಬರು ಎದುರಾಳಿ ಕಡೆಯವರು, ಎರಡು ಬೇರೆ ಗಡಿಯಾರ, ಒಂದೇ ಏಳು.

"ಸಾರ್, ಈ ಪುಸ್ತಕ ಸ್ವಲ್ಪ ಹೊತ್ತು ಕೊಡ್ತೀರಾ?"

"ನಾನೂ ಬರತೀನ್ರಿ," ಎಂದರು. ಆ ಪುಸ್ತಕವನ್ನು ಅವರು ಯಾರ ಕೈಗೂ ಕೊಡುವವರಲ್ಲ ಎಂದು ಆಮೇಲೆ ಗೊತ್ತಾಯಿತು.

ನಿರ್ದೇಶಕರ ಕೋಣೆಗೆ ಹೋಗಿ ವಿಷಯ ಹೇಳಿದೆ. ಅವರು ಊಟದ ಡಬ್ಬಿ ಮುಚ್ಚುತ್ತಾ, "ಆಕ್ಷೇಪಣೆ ಟೈಮ್ ಮುಗೀತಲ್ಲಮ್ಮಾ. ಪ್ರೇಕ್ಷಕರ ನೋಟ್‌ಬುಕ್ ನೋಡಿ ರೇಸ್ ನಡೆಸೋಕಾಗುತ್ತಾ?" ಎಂದರು.

"ರಿಸಲ್ಟ್ ಬದಲಾಯಿಸಿ ಅಂತ ಕೇಳ್ತಿಲ್ಲ ಸಾರ್. ನನ್ನ ಯಂತ್ರ ಪರೀಕ್ಷೆ ಮಾಡಬೇಕು. ಒಂದು ಕಾರ್ಟ್, ಹತ್ತು ನಿಮಿಷ."

ಅವರು ಸ್ಟಾಪ್‌ವಾಚನ್ನು ತಾವೇ ಹಿಡಿದರು. ಪಿಟ್ ನೋಡಿಕೊಳ್ಳುವ ಮಾರ್ಷಲ್ ಒಬ್ಬರು ಕಾರ್ಟ್ ಓಡಿಸಿ ಒಳಗೆರೆ ದಾಟಿ ನಿಂತರು. ಸರಿಯಾಗಿ ಮೂರು ನಿಮಿಷಕ್ಕೆ ಹೊರಗೆರೆ ದಾಟಲಿ ಎಂದು ನಿರ್ದೇಶಕರು ಕೈ ಬೀಸಿದರು. ನಾನು ಕೋಣೆಗೆ ಓಡಿ ಪರದೆ ನೋಡಿದೆ.

ಮೂರು ನಿಮಿಷ, ಸೊನ್ನೆ ಸೆಕೆಂಡು.

"ಆಯ್ತಲ್ಲ?" ಎಂದರು ನಿರ್ದೇಶಕರು, ಕಿಟಕಿಯಿಂದ ಬಗ್ಗಿ. "ನಿನ್ನ ಯಂತ್ರ ಸರಿ ಇದೆ. ಅವರ ವಾಚುಗಳು ತಪ್ಪು. ಮೂರಕ್ಕೆ ಬಹುಮಾನ, ಹಾಳೆ ಟೈಪ್ ಮಾಡಿಸು."

ನೋಟ್‌ಬುಕ್ಕಿನವರು ಬಾಗಿಲ ಬಳಿ ನಿಂತಿದ್ದರು. ಅವರ ಮುಖ ಸಣ್ಣದಾಯಿತು. "ಹಂಗಾದ್ರ ನನ್ನದ ತಪ್ಪಿರಬೇಕ್ರಿ," ಎಂದರು. ಇದೇ ಮಾತನ್ನು ಟೀಚರ್ ಬಾಯಲ್ಲಿ ಕೇಳಿ ಒಂದು ಗಂಟೆಯೂ ಆಗಿರಲಿಲ್ಲ. ಒಂದೇ ದಿನ ನನ್ನ ಯಂತ್ರದ ಎದುರು ಇಬ್ಬರು ಸರಿಯಾದ ಜನ ತಮ್ಮ ಕಣ್ಣು ಕೈಗಳನ್ನು ಅನುಮಾನಿಸಿದ್ದರು. ಅವರು ಸರಿ ಎಂದು ಆ ಹೊತ್ತಿಗೆ ನನಗೆ ಖಚಿತವಾಗಿತ್ತು. ಸಾಬೀತು ಮಾಡುವುದೊಂದೇ ಬಾಕಿ.

"ಕೂತ್ಕೊಳ್ಳಿ ಸಾರ್. ವಾಚು ಬಿಡೋಣ. ನನ್ನ ಹಾಳೇನೇ ಕೇಳೋಣ," ಎಂದೆ.

ಹೊರಗೆರೆ ದಾಟಿದ ಕಾರ್ಟ್ ಅರ್ಧಕ್ಕಿಂತ ಹೆಚ್ಚು ಟ್ರ್ಯಾಕ್ ಸುತ್ತಿ ಮುಖ್ಯ ಗೆರೆಗೆ ಬರುತ್ತದೆ. ಆ ದಾರಿ ಬದಲಾಗುವುದಿಲ್ಲ. ಚಾಲಕರು ಬೇರೆಯಾದರೂ ಒಂದು ಸೆಕೆಂಡಿನಷ್ಟು ಹೆಚ್ಚುಕಮ್ಮಿ, ಅಷ್ಟೇ. ಇಬ್ಬರೂ ಕುಳಿತು ಒಂದೊಂದು ತಂಡದ್ದೂ ಲೆಕ್ಕ ಹಾಕಿದೆವು. ನಾನು ಸಮಯ ಓದುವುದು, ಅವರು ಕಳೆದು ಬರೆಯುವುದು. ಮೊದಲ ಪಿಟ್, ಹತ್ತು ತಂಡ: ಮೂವತ್ತೆಂಟು, ಮೂವತ್ತೊಂಬತ್ತು, ಮೂವತ್ತೆಂಟು. ಎರಡನೇ ಪಿಟ್: ಮತ್ತೆ ಅದೇ. ಮೂರನೇ ಪಿಟ್‌ನ ಮೊದಲ ಸಾಲು ಕಳೆದು ಅವರು ಪೆನ್ನು ಎತ್ತಿದರು.

"ನಲವತ್ತೈದ್ರಿ."

"ಮುಂದಿನದು?"

"ನಲವತ್ತಾರು. ಇದೂ ನಲವತ್ತೈದ."

ಹತ್ತಕ್ಕೆ ಹತ್ತೂ ಹಾಗೇ. ಎಲ್ಲ ತಂಡಗಳೂ ಮೂರನೇ ಪಿಟ್ ಆದಮೇಲೆ ಅದೇ ದಾರಿಯಲ್ಲಿ ಏಳು ಸೆಕೆಂಡು ನಿಧಾನವಾದವೇ? ಸಾಧ್ಯವಿಲ್ಲ. ಹೊರಗೆರೆಯ ಗಡಿಯಾರ ಏಳು ಸೆಕೆಂಡು ಹಿಂದಿದ್ದರೆ ಮಾತ್ರ ಹೀಗಾಗುತ್ತದೆ. ಪಿಟ್‌ನಲ್ಲಿ ನಿಂತ ಸಮಯ ಏಳು ಕಡಿಮೆ ಕಾಣುತ್ತದೆ, ಆಮೇಲಿನ ಓಟ ಏಳು ಜಾಸ್ತಿ ಕಾಣುತ್ತದೆ. ಹತ್ತು ಹದಿನೈದು ಸೆಕೆಂಡು ಸುಮ್ಮನೆ ನಿಂತವರಿಗೆ ಆ ಏಳು ತಗುಲಲೇ ಇಲ್ಲ. ಕರಾರುವಾಕ್ಕಾಗಿ ನಿಂತವರಿಗೆ ಮಾತ್ರ ತಗುಲಿತು.

ಹಾಗಾದರೆ ಈಗ ಯಾಕೆ ಸರಿ ತೋರಿಸುತ್ತಿದೆ? ಹೊರಗೆರೆಯ ಮಾರ್ಷಲ್ ಅವರನ್ನು ಕರೆದು, ಕರೆಂಟ್ ಹೋದಾಗ ಗೂಡಿನಲ್ಲಿ ಏನಾಯಿತು ಎಂದು ಕೇಳಿದೆ.

"ಪೆಟ್ಟಿಗೆ ಲೈಟ್ ಪೂರ್ತಿ ಆರೋಯ್ತು ಮೇಡಂ. ಅದರ ಬ್ಯಾಟ್ರಿ ಹೋಗಿರ್ಬೇಕು. ಜನರೇಟರ್ ಬಂದ್ಮೇಲೆ ತಾನೇ ಹತ್ತಿಕೊಳ್ತು. ಹತ್ತಿತಲ್ಲ ಅಂತ ನಾನೂ ಸುಮ್ನಾದೆ."

ನಾನೂ ಹಾಗೇ ಸುಮ್ಮನಾಗಿದ್ದೆ. ಆರಿ ಹತ್ತಿದ ಪೆಟ್ಟಿಗೆ ಬೆಳಗ್ಗೆ ನಾನು ಕೊಟ್ಟ ಸಮಯ ಮರೆತು ತನ್ನೊಳಗೆ ಬೇರೆ ಸಣ್ಣ ಸೆಲ್ಲಿನಲ್ಲಿ ಓಡುವ, ಏಳು ಸೆಕೆಂಡು ಹಿಂದಿದ್ದ ಗಡಿಯಾರಕ್ಕೆ ಹಿಂದಿರುಗಿತ್ತು. ರೇಸ್ ಮುಗಿದ ಮೇಲೆ ನಾನು ಅಭ್ಯಾಸದಂತೆ ಆ ಫೈಲ್ ಮುಚ್ಚಿ ಹೊಸದು ತೆರೆದಿದ್ದೆ. ಹೊಸ ಫೈಲ್ ತೆರೆದ ಕ್ಷಣ ಎರಡೂ ಗಡಿಯಾರ ಮತ್ತೆ ಒಂದಾಗಿದ್ದವು. ತಪ್ಪನ್ನೂ ನಾನೇ ಮಾಡಿ, ಅದರ ಗುರುತನ್ನೂ ನಾನೇ ಅಳಿಸಿದ್ದೆ.

ನಿರ್ದೇಶಕರನ್ನು ಮತ್ತೆ ಕರೆದೆ. ಈ ಸಲ ಗೂಡಿನ ಪೆಟ್ಟಿಗೆಯ ಪ್ಲಗ್ ಕಿತ್ತು, ಅರೆನಿಮಿಷ ಬಿಟ್ಟು ಹಾಕಿಸಿದೆ. ಫೈಲ್ ಮುಟ್ಟಲಿಲ್ಲ. ಕಾರ್ಟ್ ಒಳಗೆ ಬಂತು, ಅವರು ಒತ್ತಿದರು, ಮೂರು ನಿಮಿಷಕ್ಕೆ ಕೈ ಬೀಸಿದರು. ಪರದೆಯಲ್ಲಿ ಎರಡು ನಿಮಿಷ ಐವತ್ತಮೂರು.

ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಇನ್ನೊಂದ್ ಸಲ."

ಇನ್ನೊಂದು ಸಲವೂ ಎರಡು ನಿಮಿಷ ಐವತ್ತಮೂರು.

ಎರಡೂವರೆ ಆಗಿತ್ತು. ನಿರ್ದೇಶಕರು ಬಾಗಿಲು ಹಾಕಿ ಕುಳಿತರು. "ನಿನ್ನ ಲೆಕ್ಕ ಸರಿ ಇದೆಯಮ್ಮಾ. ಆದರೆ ಯಾರೂ ಆಕ್ಷೇಪಣೆ ಕೊಟ್ಟಿಲ್ಲ. ಈಗ ಬದಲಾಯಿಸಿದ್ರೆ ಹನ್ನೆರಡನೆಯವರು ಬಿಡ್ತಾರಾ? ಅದೂ ಇರಲಿ. ಇವತ್ತು ನೀನು ಸಹಿ ಹಾಕಿದ್ದನ್ನ ನೀನೇ ತಪ್ಪು ಅಂತ ಮೈಕಲ್ಲಿ ಹೇಳಿದ್ರೆ, ಮುಂದಿನ ರೇಸಿಗೆ ನಿನ್ನ ಹಾಳೆ ಯಾರು ನಂಬ್ತಾರೆ? ಪಾಪ, ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಅವರ ಮಾತು ನನಗೆ ತಟ್ಟಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಟ್ರ್ಯಾಕಿನಲ್ಲಿ ನಾನು ಒಬ್ಬಳೇ ಹೆಂಗಸು ಅಧಿಕಾರಿ. ಮೊದಲ ವರ್ಷ ನನ್ನ ಹಾಳೆಯನ್ನು ಪ್ರತಿಯೊಬ್ಬರೂ ಎರಡು ಸಲ ಕೂಡಿ ನೋಡುತ್ತಿದ್ದರು. ಆಮೇಲೆ ಒಂದು ಸಲ. ಆ ವರ್ಷದ ಹೊತ್ತಿಗೆ ಯಾರೂ ನೋಡುತ್ತಿರಲಿಲ್ಲ. ಆ ನಂಬಿಕೆಯ ಕಾರಣಕ್ಕೇ ಟೀಚರ್ ತಮ್ಮ ಬೆರಳನ್ನು ಅನುಮಾನಿಸಿದ್ದರು.

"ಸಾರ್, ಆಕ್ಷೇಪಣೆ ಬೇಕಾಗಿಲ್ಲ," ಎಂದೆ. "ಫಲಿತಾಂಶ ಅಂತಿಮ ಅಂತ ನೀವು ಘೋಷಿಸೋವರೆಗೂ ಟೈಮ್‌ಕೀಪರ್ ತನ್ನ ವರದಿ ತಿದ್ದಬಹುದು ಅಂತ ನಿಯಮದ ಪುಸ್ತಕದಲ್ಲಿದೆ. ಘೋಷಿಸೋದು ಮೂರು ಗಂಟೆಗೆ. ಏಳನೇ ನಂಬರಿನ ಮೂರನೇ ಪಿಟ್ ಬಗ್ಗೆ ಕೊಟ್ಟ ಚೀಟಿ ನಾನು ವಾಪಸ್ ತಗೋತಿದ್ದೀನಿ. ಇನ್ಮೇಲೆ ಹಳೇ ಹಾಳೆಗೆ ನನ್ನ ಸಹಿ ಇಲ್ಲ. ಹೊಸದಕ್ಕೆ ಇದೆ. ಮೈಕಲ್ಲಿ ನಾನೇ ಹೇಳ್ತೀನಿ."

ಅವರು ನಿಯಮದ ಪುಸ್ತಕ ತೆಗೆದು, ನಾನು ಹೇಳಿದ ಸಾಲನ್ನು ಹುಡುಕಿ, ಎರಡು ಸಲ ಓದಿದರು. "ಇದೆ," ಎಂದರು. "ಹೇಳು."

ಮೂರು ಗಂಟೆಗೆ ತಂಡಗಳೂ ಅಭಿಮಾನಿಗಳೂ ವೇದಿಕೆಯ ಮುಂದೆ ಸೇರಿದ್ದರು. ನಾನು ಏನನ್ನೂ ಸುತ್ತಿ ಬಳಸಲಿಲ್ಲ. ಕರೆಂಟ್ ಹೋದಾಗ ಹೊರಗೆರೆಯ ಗಡಿಯಾರ ಏಳು ಸೆಕೆಂಡು ಹಿಂದೆ ಬಿದ್ದದ್ದು, ಮತ್ತೆ ಹೊಂದಿಸಬೇಕಾಗಿದ್ದ ನಾನು ಹೊಂದಿಸದೆ ಇದ್ದದ್ದು, ಮೂವತ್ತೆಂಟು ನಲವತ್ತೈದರ ಲೆಕ್ಕ, ಪ್ಲಗ್ ಕಿತ್ತು ಮಾಡಿದ ಪರೀಕ್ಷೆ, ಎಲ್ಲ ಹೇಳಿದೆ. ಏಳನೇ ನಂಬರಿನ ಮೂರನೇ ಪಿಟ್ ಮೂರು ನಿಮಿಷ ಎರಡು ಸೆಕೆಂಡು, ಶಿಕ್ಷೆ ರದ್ದು ಎಂದೆ.

ಒಂದು ಕಡೆ ಸೀಟಿ, ಇನ್ನೊಂದು ಕಡೆ ಗಲಾಟೆ. ಹನ್ನೆರಡನೇ ನಂಬರಿನ ಕ್ಯಾಪ್ಟನ್ ಮುಂದೆ ಬಂದ. ಸಿಟ್ಟಿನಲ್ಲೂ ಮರ್ಯಾದೆ ಬಿಡಲಿಲ್ಲ.

"ಮೇಡಂ, ನಿಮ್ಮ ಗಡಿಯಾರ ತಪ್ಪಿದ್ರೆ ಅದಕ್ಕೆ ನಾವೇನ್ ಮಾಡೋದು? ಅವರಿಗೆ ಐವತ್ತು ಸೆಕೆಂಡ್ ಶಿಕ್ಷೆ ಅಂತ ಬೋರ್ಡಲ್ಲಿ ನೋಡಿನೇ ನಾವು ಕೊನೇಲಿ ನಿಧಾನ ಮಾಡಿದ್ದು. ಇಲ್ದಿದ್ರೆ ಹಿಡೀತಿದ್ವಿ."

ಅವನ ಮಾತಿನಲ್ಲಿ ನ್ಯಾಯವಿತ್ತು. ತಪ್ಪು ಬೋರ್ಡು ಅವರ ರೇಸನ್ನೂ ಬದಲಾಯಿಸಿತ್ತು. ನಾನು ಸುತ್ತುಗಳ ಹಾಳೆ ತೆಗೆಯುವಷ್ಟರಲ್ಲಿ ನೋಟ್‌ಬುಕ್ಕಿನವರು ಅವನ ಪಕ್ಕದಲ್ಲಿ ನಿಂತು ಪುಟ ತೆರೆದಿದ್ದರು.

"ತಮ್ಮಾ, ಇಲ್ಲಿ ನೋಡಪಾ. ಬೋರ್ಡ್ ಹಾಕಿದಾಗ ನೀವು ಇಪ್ಪತ್ತೇಳು ಸೆಕೆಂಡ್ ಹಿಂದ. ಉಳದದ್ದು ಹನ್ನೊಂದು ಸುತ್ತು. ಹಿಡೀಬೇಕಂದ್ರ ಸುತ್ತಿಗೆ ಎರಡೂವರಿ ಸೆಕೆಂಡ್ ಗಳಿಸಬೇಕು. ಇಡೀ ದಿನದಾಗ ನಿಮ್ಮ ಭಾಳ ಜೋರಿನ ಸುತ್ತು ಅವರ ಸಾಧಾರಣ ಸುತ್ತಿಗಿಂತ ಒಂದು ಸೆಕೆಂಡೂ ಮುಂದಿಲ್ಲ. ನಿಧಾನ ಮಾಡಿ ಕಳಕೊಂಡಿದ್ದು ಬರೀ ನಾಲ್ಕು ಸೆಕೆಂಡ್. ನಾನೂ ನಿಮ್ಮ ಕಡಿಯಾಂವನ ಅದೀನಿ. ಇದನ್ನ ಬಿಟ್ಟಬಿಡೂಣು."

ಕ್ಯಾಪ್ಟನ್ ಪುಟವನ್ನು ಮೇಲಿಂದ ಕೆಳಗೆ ನೋಡಿದ. ಎಂಜಿನಿಯರು, ಅಂಕಿಯ ಎದುರು ಹಟ ಮಾಡಲಿಲ್ಲ. ತಲೆಯಾಡಿಸಿ ಹೋಗಿ ಏಳನೇ ನಂಬರಿನ ಕ್ಯಾಪ್ಟನ್ನನ ಕೈ ಕುಲುಕಿದ. ಅಭಿಮಾನಿಗಳು ಮಾತ್ರ ಸುಮ್ಮನಾಗಲಿಲ್ಲ. ಒಮ್ಮೆ ಬೋರ್ಡಿನಲ್ಲಿ ಹಾಕಿದ ಶಿಕ್ಷೆಯನ್ನು ತೆಗೆಯಬಹುದೇ, ಬೋರ್ಡ್ ನೋಡಿ ತಂತ್ರ ಬದಲಾಯಿಸಿದವರಿಗೆ ಪರಿಹಾರ ಏನು ಎಂದು ವಾದ ಹೊಸದಾಗಿ ಶುರುವಾಯಿತು. ಮುಂದಿನ ರೇಸಿನವರೆಗೂ ಅದು ನಡೆಯಿತಂತೆ. ಆ ರೇಸಿನ ಹೊತ್ತಿಗೆ ತಗಡಿನ ಗೂಡಿಗೆ ಯುಪಿಎಸ್ ಬಂದಿತ್ತು, ಕರೆಂಟ್ ಹೋಗಿ ಬಂದರೆ ಗಡಿಯಾರ ಹೊಂದಿಸಿ ಸಹಿ ಹಾಕಬೇಕು ಎಂಬ ಸಾಲು ನನ್ನ ಕೆಲಸದ ಪಟ್ಟಿಗೆ ಸೇರಿತ್ತು. ಜನ ಮತ್ತೆ ಒಂದು ಸಲ ನನ್ನ ಹಾಳೆ ಕೂಡಿ ನೋಡತೊಡಗಿದರು. ಅದರಿಂದ ನನಗೇನೂ ಬೇಸರವಾಗಲಿಲ್ಲ. ನೋಡಲಿ ಎಂದೇ ಹಾಳೆಯಲ್ಲಿ ಹೊರಗೆರೆಯಿಂದ ಮುಖ್ಯ ಗೆರೆಯವರೆಗಿನ ಸಮಯಕ್ಕೂ ಒಂದು ಕಾಲಂ ಸೇರಿಸಿದೆ.

ಗೆದ್ದ ಕಪ್ ತೆಗೆದುಕೊಳ್ಳಲು ಏಳನೇ ನಂಬರಿನ ಕ್ಯಾಪ್ಟನ್ ಅಕ್ಕನನ್ನೇ ವೇದಿಕೆಗೆ ನೂಕಿದ. "ನೀನೇ ಓಗಕ್ಕ, ನಾ ಬರೀ ಸ್ಟೇರಿಂಗ್ ತಿರುಗ್ಸಿದ್ದು," ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. ಅವರು ಕೆಳಗಿಳಿದು ಬಂದಾಗ ನಾನು ಕಾದು ನಿಂತಿದ್ದೆ.

"ಟೀಚರ್, ಮೊದಲು ನೀವು ಹೇಳಿದಾಗಲೇ ನಾನು ನೋಡಬೇಕಿತ್ತು. ನಿಮ್ಮ ಕೈ ಸರಿ ಇತ್ತು. ತಪ್ಪು ನಂದು. ಕ್ಷಮಿಸಿ."

ಅವರು ಕಪ್ಪನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನನ್ನ ಎರಡೂ ಕೈ ಹಿಡಿದರು. "ಬಿಡಿ ಮೇಡಂ. ಎರಡು ಗಂಟೆ ಹೊತ್ತು ನನಗೆ ನನ್ನ ಬೆರಳೇ ನನ್ನದಲ್ಲ ಅನ್ನಿಸಿಬಿಟ್ಟಿತ್ತು. ಈಗ ಸರಿಹೋಯ್ತು."

ಪಕ್ಕದಲ್ಲಿದ್ದ ಕ್ಯಾಪಿನ ಅಭಿಮಾನಿ ಬಾಯಿ ಹಾಕಿದ. "ಆದ್ರೂ ಟೀಚರ್, ಮುಂದಿನ ಸಲ ಒಂದೈದು ಸೆಕೆಂಡ್ ಜಾಸ್ತಿ ನಿಲ್ಲಿಸಿ. ಈ ಟೆನ್ಷನ್ ಯಾಕೆ ಬೇಕು?"

ಟೀಚರ್ ಅವನ ಕಡೆ ತಿರುಗಿದರು, ಮೈದಾನದಲ್ಲಿ ಸಾಲು ತಪ್ಪಿದವನನ್ನು ನೋಡುವ ಹಾಗೆ.

"ಜಾಸ್ತೀನಾ? ಈ ಸಲ ಮೇಡಂ ಗಡಿಯಾರದ ಮೇಲೆ ಅನುಮಾನ ಇಟ್ಕೊಂಡು ಎರಡು ಸೆಕೆಂಡ್ ಬಿಟ್ಟಿದ್ದೆ. ಈಗ ಅದು ಸರಿ ಇದೆ ಅಂತ ಗೊತ್ತಾಯ್ತಲ್ಲ," ಎಂದರು. "ಮುಂದಿನ ಸಲ ಒಂದೇ."